ಚಂದ್ರನನ್ನು ರಿಪೇರಿ ಮಾಡಿದವನು

"ನಿಲ್ಸಿ! ಯಾರ್ರೀ ನೀವು? ನನ್ನ ಚಂದ್ರನಿಗೆ ಏನ್ ಮಾಡಿದ್ರಿ?"

ಆ ಕೂಗಿಗೆ ತಾರಾಲಯದ ಮುಂಗೋಣೆಯೇ ಅದುರಿತು. ಟಿಕೆಟ್ ಕೌಂಟರಿನ ಹೆಂಗಸು ಹರಿಯುತ್ತಿದ್ದ ಟಿಕೆಟ್ಟನ್ನು ಹಾಗೇ ಹಿಡಿದುಕೊಂಡು ಕಿಂಡಿಯಿಂದ ತಲೆ ಹೊರಗೆ ಹಾಕಿದಳು.

ಏಣಿಯ ಮೇಲಿದ್ದವನು ಬೆಚ್ಚಿ ಕೆಳಗೆ ನೋಡಿದ. ಕೈಯಲ್ಲಿ ಸ್ಪ್ಯಾನರ್, ಕೆನ್ನೆಯ ಮೇಲೆ ಗ್ರೀಸಿನ ಗೆರೆ. ಮುಖದಲ್ಲಿ ಮಾತ್ರ ಬಹುಮಾನ ಗೆದ್ದವನ ನಗು.

"ರಿಪೇರಿ ಮಾಡ್ದೆ ಮೇಡಂ. ಜಾಮ್ ಆಗಿ ಕೂತಿತ್ತು. ಈಗ ನೋಡಿ ಹೇಗೆ ತಿರುಗುತ್ತೆ!"

ಹೇಳಿದವನೇ ಒಂದು ಬೆರಳಿನಿಂದ ತಳ್ಳಿದ. ಚಂದ್ರ ಬುಗುರಿಯಂತೆ ಗಿರಗಿರನೆ ತಿರುಗಿತು.

ಕೂಗಿದವಳು ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು.

ಮುಂಗೋಣೆಯ ನಡುವೆ ನಿಂತಿದ್ದ ಆ ಮಾದರಿಯಲ್ಲಿ ಒಂದು ದೊಡ್ಡ ನೀಲಿ ಭೂಮಿ, ಅದರಿಂದ ಚಾಚಿದ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಬೂದು ಬಣ್ಣದ ಚಂದ್ರ. ಇಷ್ಟು ವರ್ಷ ಆ ಚಂದ್ರ ಭೂಮಿಗೆ ಒಂದೇ ಮುಖ ತೋರಿಸುತ್ತಾ ಗಂಭೀರವಾಗಿ ಸುತ್ತು ಬರುತ್ತಿತ್ತು. ಈಗ ಫ್ಯಾನಿನ ಗಾಳಿಗೂ ತಿರುಗುತ್ತಿತ್ತು! ಬಣ್ಣವೇ ಬಳಿಯದ ಅದರ ಹಿಂಬದಿ, ಹಳೆಯ ಪ್ಲಾಸ್ಟರಿನ ತೇಪೆಗಳ ಸಮೇತ, ಬಾಗಿಲಲ್ಲಿ ಸಾಲುಗಟ್ಟಿ ನಿಂತ ಶಾಲೆಯ ಮಕ್ಕಳಿಗೆಲ್ಲ ದರ್ಶನ ಕೊಡುತ್ತಿತ್ತು.

"ಅದು ಜಾಮ್ ಆಗಿರ್ಲಿಲ್ಲ ರೀ! ಅದು ಇರೋದೇ ಹಾಗೆ!"

"ಇರೋದೇ ಹಾಗೆ ಅಂದ್ರೆ? ತಿರುಗೋ ಸಾಮಾನು ತಿರುಗದೆ ಇದ್ರೆ ಕೆಟ್ಟಿದೆ ಅಂತ ತಾನೇ ಅರ್ಥ?"

"ಅದು ತಿರುಗುತ್ತೆ!"

"ಮತ್ತೆ ನಾನು ಮಾಡಿದ್ದೂ ಅದೇ ಅಲ್ವಾ?"

ಮಕ್ಕಳು ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು.

ಈ ಮಕ್ಕಳೆಲ್ಲ ಅವಳನ್ನು ಕರೆಯುವುದು 'ಆಕಾಶದಕ್ಕ' ಎಂದು. ಗುಮ್ಮಟದೊಳಗೆ ದೀಪ ಆರಿದಾಗ, ನಕ್ಷತ್ರಗಳ ಕೆಳಗೆ ನಿಂತು ಕಥೆ ಹೇಳುವ ದನಿ ಅವಳದೇ. ಗ್ರಹಗಳ ವಿಷಯವನ್ನು ಅರೆದು ಕುಡಿದವಳು. ಮೂಗಿನ ತುದಿಯಲ್ಲೇ ಕೋಪ. ಅಂಥವಳ ಚಂದ್ರನನ್ನು ಅವಳಿಗೇ ವಿವರಿಸಲು ಹೊರಟವನು ಕೆಲಸಕ್ಕೆ ಸೇರಿ ಇನ್ನೂ ಒಂದು ಹೊತ್ತಿನ ಊಟವನ್ನೂ ಅಲ್ಲಿ ಮಾಡಿರದ ಹೊಸ ಮೆಕ್ಯಾನಿಕ್. ಅದಕ್ಕೆ ಮುಂಚೆ ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳನ್ನು ಸರಿಮಾಡುತ್ತಿದ್ದವನು.

"ಇಳೀರಿ ಕೆಳಗೆ," ಎಂದಳು.

ಇಳಿದ.

ಅವಳು ಒಂದು ಕುರ್ಚಿಯನ್ನು ಎಳೆದು ನಡುವೆ ಹಾಕಿದಳು. "ಇದು ಭೂಮಿ. ನೀವು ಚಂದ್ರ. ಕುರ್ಚಿಯಿಂದ ಕಣ್ಣು ತೆಗೀದೆ ಒಂದು ಸುತ್ತು ಬನ್ನಿ."

ಅವನು ಮಕ್ಕಳ ಕಡೆ ನೋಡಿದ, ಏಣಿಯ ಕಡೆ ನೋಡಿದ, ಪಾರಾಗುವ ದಾರಿಯಿಲ್ಲ ಎಂದು ಗೊತ್ತಾಗಿ ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಸುತ್ತತೊಡಗಿದ.

"ಮೊದಲು ನಿಮ್ಮ ಬೆನ್ನು ಯಾವ ಕಡೆ ಇತ್ತು?"

"ಟಿಕೆಟ್ ಕೌಂಟರ್ ಕಡೆ."

"ಈಗ?"

"ಬಾಗಿಲ ಕಡೆ... ಈಗ ಕಿಟಕಿ... ಈಗ ಮತ್ತೆ ಕೌಂಟರ್..." ಅವನ ಹೆಜ್ಜೆ ನಿಂತಿತು. "ಅರೆ! ಕುರ್ಚಿಗೆ ಒಂದೇ ಮುಖ ತೋರಿಸ್ತಾ ಇದ್ರೂ ನಾನು ಪೂರ್ತಿ ತಿರುಗಿಬಿಟ್ಟೆ!"

"ತಿರುಗದೇ ಇದ್ದಿದ್ರೆ ಅರ್ಧ ಸುತ್ತಿಗೇ ಕುರ್ಚಿಗೆ ಬೆನ್ನು ಹಾಕ್ತಿದ್ರಿ. ಚಂದ್ರನೂ ಅಷ್ಟೇ. ಒಂದು ಸುತ್ತು ಬರೋಕೆ ಎಷ್ಟು ಹೊತ್ತೋ, ತನ್ನ ಸುತ್ತ ತಾನು ಒಂದು ಸಲ ತಿರುಗೋಕೂ ಅಷ್ಟೇ ಹೊತ್ತು. ಅದಕ್ಕೇ ಒಂದೇ ಮುಖ ಕಾಣೋದು. ಅದನ್ನ ನೀವು ಜಾಮ್ ಅಂದ್ರಿ!"

ಮಕ್ಕಳು ಚಪ್ಪಾಳೆ ತಟ್ಟಿದರು. ಕೌಂಟರಿನ ಹೆಂಗಸೂ ತಟ್ಟಿದಳು, ಅವಳಿಗೆ ಯಾರು ಸೋತರೂ ಸಂತೋಷವೇ.

ಇನ್ನು ಇವನು ಪೆಚ್ಚು ಮೋರೆ ಹಾಕಿಕೊಂಡು ಜಾಗ ಖಾಲಿ ಮಾಡುತ್ತಾನೆ ಎಂದುಕೊಂಡಳು ಆಕಾಶದಕ್ಕ. ಮಾಡಲಿಲ್ಲ! ಚಂದ್ರನನ್ನೇ ನೋಡುತ್ತಾ ನಿಂತ.

"ಮೇಡಂ... ಹುಟ್ಟಿದಾಗಿಂದ್ಲೂ ಹೀಗೇನಾ ಅದು? ಅಥವಾ ಯಾರಾದ್ರೂ ಹೀಗೆ ಮಾಡಿದ್ದಾ?"

ಇಷ್ಟು ವರ್ಷಗಳಲ್ಲಿ ದೊಡ್ಡವರು ಯಾರೂ ಕೇಳದ ಪ್ರಶ್ನೆ ಅದು.

'ಛೆ... ಇವನ ಮೇಲೆ ಕೋಪ ಮಾಡ್ಕೊಂಡೇ ಇರೋದು ಕಷ್ಟ,' ಅನ್ನಿಸಿತು ಅವಳಿಗೆ.

* * *

ಉತ್ತರ ಸಿಕ್ಕಿದ್ದು ಮಾರನೆಯ ದಿನ, ಗುಮ್ಮಟದ ಹಿಂದಿದ್ದ ಅವನ ವರ್ಕ್‌ಶಾಪಿನಲ್ಲಿ. ಅವನು ಚಂದ್ರನಿಂದ ಕಿತ್ತಿದ್ದ ಪಿನ್ನನ್ನು ವಾಪಸ್ ಹಾಕಿಸಲು ಬಂದಿದ್ದವಳು ಮೇಜಿನ ಮೇಲೇ ಕುಳಿತುಬಿಟ್ಟಳು.

"ಮೊದಲು ಚಂದ್ರ ಜೋರಾಗಿ ತಿರುಗ್ತಿತ್ತು," ಎಂದಳು. "ಭೂಮಿ ಅದನ್ನ ಎಳೀತಿತ್ತು. ಹತ್ತಿರದ ಬದಿ ಮೇಲೆ ಜಾಸ್ತಿ, ದೂರದ ಬದಿ ಮೇಲೆ ಕಡಿಮೆ. ಆ ಎಳೆತಕ್ಕೆ ಕಲ್ಲೇ ಸ್ವಲ್ಪ ಉಬ್ಬುತ್ತೆ. ಚಂದ್ರ ತಿರುಗೋ ರಭಸಕ್ಕೆ ಉಬ್ಬು ಮುಂದೆ ಹೋಗುತ್ತೆ, ಭೂಮಿ ಆ ಉಬ್ಬನ್ನ ಹಿಡಿದು ಹಿಂದಕ್ಕೆ ಎಳೆಯುತ್ತೆ. ಮತ್ತೆ ಮುಂದೆ, ಮತ್ತೆ ಹಿಂದೆ..."

"ಬ್ರೇಕು!" ಎಂದ ಅವನು. "ಮಿಲ್ಲಲ್ಲಿ ನೂಲಿನ ಉರುಳೆಗೆ ಹಗ್ಗ ಸುತ್ತಿ ತೂಕ ಕಟ್ಟಿರ್ತಿದ್ವಿ. ನಿಲ್ಸೋಕಲ್ಲ, ಬರೀ ಉಜ್ಜೋಕೆ. ಉರುಳೆ ತಾನಾಗೇ ನಿಧಾನ ಆಗುತ್ತೆ."

"ಹಾಂ! ಅದೇ! ಯಾರೂ ನಿಲ್ಲು ಅನ್ನಲ್ಲ. ಸ್ವಲ್ಪ ಸ್ವಲ್ಪವೇ ಎಳೀತಾರೆ. ಎಷ್ಟೋ ಕಾಲ. ಕೊನೆಗೆ ಒಂದು ದಿನ ನೋಡಿದ್ರೆ... ನಮಗೆ ನಮ್ಮದು ಅಂತ ಬೇರೆ ತಿರುವೇ ಉಳಿದಿರಲ್ಲ."

ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. 'ಚಂದ್ರನಿಗೆ' ಎನ್ನಬೇಕಾದ ಕಡೆ 'ನಮಗೆ' ಎಂದಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಆದರೆ ಏನೂ ಕೇಳದೆ ಅವಳ ಮುಂದೆ ಟೀ ಲೋಟ ಸರಿಸಿದ.

ಅವಳು ಆಗ ಹೇಳಲಿಲ್ಲ. ನಿಮಗೆ ನಾನು ಹೇಳುತ್ತೇನೆ.

ಅವಳಿಗೆ ಹಿಂದೊಮ್ಮೆ ಮದುವೆ ನಿಶ್ಚಯವಾಗಿತ್ತು. ಹುಡುಗ ಒಳ್ಳೆಯವನೇ. ಕುಡಿಯುವವನಲ್ಲ, ಬೈಯುವವನಲ್ಲ. "ಸಂಜೆ ಶೋ ಒಂದು ಬಿಟ್ಬಿಡು, ಅಮ್ಮ ಕಾಯ್ತಾರೆ," ಎಂದ. ಬಿಟ್ಟಳು. "ಭಾನುವಾರ ಯಾಕೆ ಹೋಗ್ಬೇಕು?" ಎಂದ. ಅದನ್ನೂ ಬಿಟ್ಟಳು. "ಅಷ್ಟು ಜೋರಾಗಿ ನಗ್ಬೇಡ, ಜನ ನೋಡ್ತಾರೆ," ಎಂದ. ನಗು ತಗ್ಗಿಸಿದಳು. ಪ್ರತಿಯೊಂದೂ ಇಷ್ಟೇ ಇಷ್ಟು. ಅದಕ್ಕಾಗಿ ಜಗಳ ಆಡಿದರೆ ನಮ್ಮದೇ ತಪ್ಪು ಅನ್ನಿಸುವಷ್ಟು ಚಿಕ್ಕದು.

ಒಂದು ಮಧ್ಯಾಹ್ನ ಗುಮ್ಮಟದ ಕತ್ತಲಲ್ಲಿ ಇದೇ ಚಂದ್ರನ ಕಥೆ ಹೇಳುತ್ತಿದ್ದಾಗ, ಅರ್ಧ ವಾಕ್ಯದಲ್ಲಿ ಅವಳ ಬಾಯಿ ಕಟ್ಟಿತು. ಪ್ರೇಕ್ಷಕರು ಮೈಕ್ ಕೆಟ್ಟಿತು ಎಂದುಕೊಂಡರು. ಅಂದೇ ಸಂಜೆ ಹೋಗಿ ಉಂಗುರ ವಾಪಸ್ ಕೊಟ್ಟು ಬಂದಳು. ಅಕ್ಕ ಅತ್ತಳು, ಭಾವ ಬುದ್ಧಿ ಹೇಳಿದರು. "ಹೊಂದ್ಕೊಂಡು ಹೋಗ್ಬೇಕು ಕಣೇ!" ಎಂದಳು ಅಕ್ಕ. "ಹೊಂದ್ಕೊಂಡು ಹೊಂದ್ಕೊಂಡು ನಾನೇ ಸಿಗ್ತಾ ಇಲ್ಲ ಅಕ್ಕ," ಎಂದಳು. ಆಮೇಲೆ ಆ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು. ಇನ್ನು ಯಾರ ಸುತ್ತಲೂ ತಿರುಗುವುದಿಲ್ಲ... ಅದು ಅವಳ ಗಟ್ಟಿ ತೀರ್ಮಾನ.

ತೀರ್ಮಾನವೇನೋ ಗಟ್ಟಿ ಇತ್ತು. ಆದರೆ ವರ್ಕ್‌ಶಾಪಿನ ಟೀ ದಿನದಿಂದ ದಿನಕ್ಕೆ ರುಚಿಯಾಗತೊಡಗಿತು!

ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ತನ್ನ ನಕ್ಷತ್ರಕ್ಕೆ ತೀರಾ ಅಂಟಿಕೊಂಡ ಗ್ರಹಗಳೂ ಹೀಗೇ ಸಿಕ್ಕಿಬೀಳಬಹುದು, ಆಗ ಒಂದು ಬದಿಗೆ ಯಾವತ್ತೂ ಹಗಲು, ಇನ್ನೊಂದು ಬದಿಗೆ ಯಾವತ್ತೂ ಇರುಳು ಎಂದಳು.

"ಅಲ್ಲಿ ಯಾರಾದ್ರೂ ಬದುಕೋಕಾಗುತ್ತಾ?"

"ಬೆಳಕು ಕತ್ತಲೆ ಸೇರೋ ಕಡೆ ಒಂದು ಪಟ್ಟಿ ಇರುತ್ತಲ್ಲ, ಅಲ್ಲಿ ಆದ್ರೂ ಆಗಬಹುದು. ಅಲ್ಲಿ ಯಾವಾಗ್ಲೂ ಮುಸ್ಸಂಜೆ."

ಮರುದಿನದ ಪ್ರದರ್ಶನದಲ್ಲಿ ಆ ಭಾಗ ಬಂದಾಗ ಗುಮ್ಮಟದ ಅಂಚಿನಲ್ಲಿ ಹಿಂದೆಂದೂ ಇರದಿದ್ದ ಒಂದು ಬೆಳಕು ಮೂಡಿತು. ಕಿತ್ತಳೆಯೂ ಅಲ್ಲ, ನೇರಳೆಯೂ ಅಲ್ಲ. ಹಿಂದಿನ ಸಾಲಿನಲ್ಲಿ ಸ್ವಿಚ್ಚುಗಳ ಮುಂದೆ ಕುಳಿತಿದ್ದವನು ಯಾವುದೋ ಎರಡು ಬಲ್ಬುಗಳನ್ನು ಬಟ್ಟೆ ಕಟ್ಟಿ ಮಂದ ಮಾಡಿದ್ದ. ಅವಳು ಹೇಳಬೇಕಾದ ಸಾಲು ಮರೆತು ಆ ಬೆಳಕನ್ನೇ ನೋಡಿದಳು.

ಇನ್ನೊಮ್ಮೆ ಮಾತಿನ ನಡುವೆ, ಚಂದ್ರ ಪೂರ್ತಿ ಕಟ್ಟಿಹಾಕಿದಂತೆ ಇರುವುದಿಲ್ಲ, ಚೂರು ತಲೆಯಾಡಿಸುತ್ತದೆ, ಹಾಗಾಗಿ ಅಂಚಿನ ಆಚೆಯದೂ ಸ್ವಲ್ಪ ಇಣುಕುತ್ತದೆ ಎಂದಿದ್ದಳು. ಹೇಳಿ ಮರೆತೂಬಿಟ್ಟಿದ್ದಳು. ಆ ವಾರವೇ ಮುಂಗೋಣೆಗೆ ಬಂದು ನೋಡಿದರೆ, ಮಾದರಿಯ ಚಂದ್ರ ಮೆಲ್ಲಗೆ, ಇದೆಯೋ ಇಲ್ಲವೋ ಎಂಬಂತೆ, ಅತ್ತಿತ್ತ ತೂಗುತ್ತಿತ್ತು!

"ಇದನ್ನ ಯಾರು ಮಾಡೋಕೆ ಹೇಳಿದ್ರು?"

"ನೀವೇ ಹೇಳಿದ್ರಲ್ಲ ಮೊನ್ನೆ."

"ನಾನು ಸುಮ್ನೆ ಮಾತಿಗೆ ಹೇಳಿದ್ದು..."

"ನಾನು ಸುಮ್ನೆ ಕೇಳ್ಕೊಂಡಿರ್ಲಿಲ್ಲ ಮೇಡಂ."

'ಬೇಡ... ಮತ್ತೆ ಬೇಡ,' ಎಂದು ತನಗೆ ತಾನೇ ಹೇಳಿಕೊಂಡಳು. ಕೇಳುವವರು ಯಾರು! ಮನಸ್ಸು ಆಗಲೇ ಹೋಗಿಬಿಟ್ಟಿತ್ತು.

* * *

ಹೀಗಿರುವಾಗ ಒಂದು ಬೆಳಗ್ಗೆ ಡೈರೆಕ್ಟರ್ ಅವಳನ್ನು ಕೋಣೆಗೆ ಕರೆದರು. ಬಿಳಿ ಗಡ್ಡದ ಮೃದು ಮನುಷ್ಯ.

"ದೂರದ ಊರಲ್ಲಿ ಹೊಸ ತಾರಾಲಯ ಕಟ್ಟಿದ್ದಾರಮ್ಮ. ಮುಖ್ಯಸ್ಥೆ ಬೇಕಂತೆ. ಪ್ರದರ್ಶನ ಬರೆಯೋದರಿಂದ ಹಿಡಿದು ಎಲ್ಲಾ ನಿನ್ನದೇ. ಹೋಗ್ತೀಯಾ?"

ಇಲ್ಲಿ ಯಾರೋ ಯಾವಾಗಲೋ ಬರೆದಿಟ್ಟದ್ದನ್ನೇ ಹೇಳುತ್ತಾ ಬಂದವಳು ಅವಳು. ತಾನೇ ಬರೆದ ಆಕಾಶ, ತನ್ನದೇ ಗುಮ್ಮಟ... ಅವಳು ಬಯಸಿದ್ದು ಅದನ್ನೇ.

ಆದರೆ ಕಾಲು ಸೀದಾ ವರ್ಕ್‌ಶಾಪಿಗೆ ಹೋಯಿತು.

ಅವನು ಮೋಟಾರೊಂದನ್ನು ಬಿಚ್ಚಿ ಹರಡಿಕೊಂಡಿದ್ದ. ತಲೆ ಎತ್ತಲಿಲ್ಲ.

"ಕೇಳ್ದೆ ಮೇಡಂ. ಒಳ್ಳೇ ಅವಕಾಶ. ಹೋಗಿ."

ಅವಳು ಕಾದಳು. ಅವನು ಒಂದು ಸ್ಕ್ರೂ ಎತ್ತಿ ನೋಡಿ, ಒರೆಸಿ, ಮತ್ತೆ ಕೆಳಗಿಟ್ಟ.

"ಅಷ್ಟೇನಾ?"

"ಇನ್ನೇನಿರುತ್ತೆ?"

'ಏನಾದ್ರೂ ಹೇಳೋ... ಹೋಗ್ಬೇಡ ಅಂತಾನೇ ಹೇಳ್ಬೇಕಿಲ್ಲ, ಬೇಜಾರಾಗುತ್ತೆ ಅಂತಾದ್ರೂ ಹೇಳು!' ಅವಳ ಮನಸ್ಸು ಅಂಗಲಾಚುತ್ತಿತ್ತು. ಬಾಯಿ ಮಾತ್ರ, "ಸರಿ ಹಾಗಾದ್ರೆ," ಎಂದಿತು.

ಅಂದಿನಿಂದ ಅವನು ಬೇರೆಯವನೇ ಆದ. ಬಲ್ಬು, ಫ್ಯೂಸು, ವೈರು ಬಿಟ್ಟು ಬೇರೆ ಮಾತಿಲ್ಲ. ಟೀ ಹೊತ್ತಿಗೆ ಏಣಿ ಹೊತ್ತುಕೊಂಡು ಎಲ್ಲೋ ಮಾಯ. ಅವಳು ಹತ್ತಿರ ಬಂದರೆ ಅವನಿಗೆ ತಟ್ಟನೆ ಯಾವುದೋ ಕೆಲಸ ನೆನಪಾಗುತ್ತಿತ್ತು.

ಉಳಿದದ್ದನ್ನು ಕೌಂಟರಿನ ಚಿಕ್ಕಮ್ಮ ಪೂರೈಸಿದಳು. ಟಿಕೆಟ್ ಕೊಡುವ ಆ ಹೆಂಗಸನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೇ ಬಿದ್ದ ಹಾಗೆ.

"ನಿಂಗೊತ್ತಾ? ಡೈರೆಕ್ಟರ್‌ಗೆ ನಿನ್ನ ಕಳ್ಸೋ ಮನಸ್ಸೇ ಇರ್ಲಿಲ್ಲ. ಇವನೇ ಹೋಗಿ, 'ಅವರನ್ನೇ ಕಳ್ಸಿ ಸಾರ್, ಬೇರೆ ಯಾರೂ ಬೇಡ' ಅಂತ ಪಟ್ಟು ಹಿಡಿದು ಕೂತನಂತೆ!"

ಅವಳು ಅಲ್ಲಿಂದ ಸರಸರನೆ ಹೊರಟಳು.

'ಓಹೋ... ನನ್ನ ಸಾಗಹಾಕೋಕೆ ಅಷ್ಟು ಆತುರಾನಾ? ನಾನೇ ಹುಚ್ಚಿ. ಎರಡು ಬಲ್ಬಿಗೆ ಬಟ್ಟೆ ಕಟ್ಟಿದ್ದನ್ನ ಪ್ರೀತಿ ಅಂದ್ಕೊಂಡೆ!'

ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಚೆನ್ನಾಗಿ ಅತ್ತಳು. ಅತ್ತು ಮುಖ ತೊಳೆದುಕೊಂಡು ಪೆಟ್ಟಿಗೆ ಕಟ್ಟಲು ಕುಳಿತಳು. ಕೆಲಸ ಅವಳಿಗೆ ಬೇಕಿತ್ತು. ಯಾರು ಕಳಿಸಿದರು ಎಂಬ ಕಾರಣಕ್ಕೆ ಅದನ್ನು ಬಿಡುವಷ್ಟು ಮೂರ್ಖಳಲ್ಲ ಅವಳು.

ಹೊರಡುವ ದಿನ ಎಲ್ಲರೂ ಬಾಗಿಲಿಗೆ ಬಂದರು. ಅವನೂ ಬಂದ, ಎಲ್ಲರ ಹಿಂದೆ.

"ಒಳ್ಳೇದಾಗ್ಲಿ ಮೇಡಂ."

"ನೀವು ಬಯಸಿದ ಹಾಗೇ ಆಯ್ತಲ್ಲ. ಸಂತೋಷವಾಗಿರಿ!" ಎಂದಳು ಕಡ್ಡಿ ಮುರಿದಂತೆ.

ಅವನ ಮುಖ ಸುಣ್ಣದಂತೆ ಬೆಳ್ಳಗಾಯಿತು. ಆಟೋ ಹೊರಟೇಬಿಟ್ಟಿತು.

* * *

ಹೊಸ ಊರು, ಹೊಸ ಗುಮ್ಮಟ. ಇನ್ನೂ ಬಣ್ಣದ ವಾಸನೆ ಹೋಗಿರದ ಗೋಡೆಗಳು, ಪ್ಲಾಸ್ಟಿಕ್ ಹೊದಿಕೆ ತೆಗೆಯದ ಕುರ್ಚಿಗಳು. ಅವಳು ಟೊಂಕ ಕಟ್ಟಿ ದುಡಿದಳು. ಪೇಂಟರುಗಳ ಜೊತೆ ಜಗಳ ಆಡಿದಳು, ಪ್ರೊಜೆಕ್ಟರ್ ತಂದವರ ಬೆವರಿಳಿಸಿದಳು, ಮೊದಲ ಪ್ರದರ್ಶನವನ್ನು ಬರೆದು ಹರಿದು ಮತ್ತೆ ಬರೆದಳು. ಮೊದಲ ದಿನ ಗುಮ್ಮಟ ತುಂಬಿತು. ಸಂಜೆ ಶೋ ಇತ್ತು, ಭಾನುವಾರವೂ ಇತ್ತು. ಅವಳು ಜೋರಾಗಿ ನಗುತ್ತಿದ್ದಳು, ಯಾರೂ ಬೇಡ ಅನ್ನಲಿಲ್ಲ.

ಇಷ್ಟೆಲ್ಲ ಇತ್ತು. ಆದರೂ ಹೇಳುವುದು ಮುಗಿದು ದೀಪ ಹತ್ತಿದಾಗ ಕಣ್ಣು ಹಿಂದಿನ ಸಾಲಿಗೇ ಹೋಗುತ್ತಿತ್ತು.

ಎರಡನೆಯ ಪ್ರದರ್ಶನಕ್ಕೆ ಪ್ಲೂಟೊವಿನ ಕಥೆ ಆರಿಸಿಕೊಂಡಳು. ಪ್ಲೂಟೊಗೆ ಒಂದು ದೊಡ್ಡ ಚಂದ್ರ ಇದೆ. ದೊಡ್ಡದು ಅಂದರೆ ಪ್ಲೂಟೊದ ಅಗಲದ ಅರ್ಧದಷ್ಟು. ಅಲ್ಲಿ ಚಿಕ್ಕದು ಮಾತ್ರ ಸಿಕ್ಕಿಬಿದ್ದದ್ದಲ್ಲ, ಅದು ದೊಡ್ಡದನ್ನೂ ಎಳೆದೆಳೆದು ತನ್ನ ಕಡೆ ಮುಖ ಮಾಡಿಸಿದೆ. ಎರಡೂ ಒಂದರ ಮುಖ ಒಂದು ನೋಡುತ್ತಾ ಸುತ್ತುತ್ತವೆ.

ಖಾಲಿ ಗುಮ್ಮಟದಲ್ಲಿ ಅದನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದವಳು ನಿಲ್ಲಿಸಿದಳು.

'ಅವನು ಏನೂ ಹೇಳ್ಲಿಲ್ಲ, ನಿಜ. ನಾನು ಏನು ಹೇಳ್ದೆ?'

ಚಂದ್ರ, ಗ್ರಹ, ನಕ್ಷತ್ರ ಎಲ್ಲ ಹೇಳಿದ್ದಳು. ಉಂಗುರದ ವಿಷಯ ಹೇಳಿರಲಿಲ್ಲ. ಭಯದ ವಿಷಯ ಹೇಳಿರಲಿಲ್ಲ. ಆ ಬೆಳಕನ್ನು ನೋಡಿ ಸಾಲು ಮರೆತೆ ಎಂದೂ ಹೇಳಿರಲಿಲ್ಲ. ಅವನು ಬಾಯಿ ಬಿಡಲಿ ಎಂದು ಕಾದವಳು ತಾನು ಮಾತ್ರ ತುಟಿ ಬಿಚ್ಚಿರಲಿಲ್ಲ.

ಅವಳಿಗೆ ನಾಚಿಕೆಯಾಯಿತು. ಹಿಂದೆಯೇ ಹಟ ಬಂತು.

"ಅಕ್ಕ, ಸೋಮವಾರ ಹೋಗಿ ಅವನನ್ನ ಕೇಳ್ತೀನಿ," ಎಂದಳು ಫೋನಿನಲ್ಲಿ. ತಾರಾಲಯಗಳಿಗೆ ರಜೆ ಸೋಮವಾರ. ಭಾನುವಾರ ಊರೆಲ್ಲ ನಕ್ಷತ್ರ ನೋಡಲು ಬರುವಾಗ ಇವರಿಗೆ ರಜೆ ಎಲ್ಲಿಂದ ಬರಬೇಕು!

"ನೀನೇ ಹೋಗಿ ಕೇಳೋದಾ? ಇಲ್ಲ ಅಂದುಬಿಟ್ರೆ? ಮರ್ಯಾದೆ ಏನಾಗ್ಬೇಕು?"

"ಇಲ್ಲ ಅಂದ್ರೆ ಅಳ್ತೀನಿ ಅಕ್ಕ, ಬಂದು ಕೆಲಸ ಮಾಡ್ತೀನಿ. ಕೇಳದೆ ಕೂತ್ರೆ ಮರ್ಯಾದೆ ಬಂದು ನನ್ನ ಜೊತೆ ಟೀ ಕುಡಿಯುತ್ತಾ?"

"ಸ್ವೆಟರ್ ತಗೊಂಡು ಹೋಗು," ಎಂದಷ್ಟೇ ಹೇಳಿ ಅಕ್ಕ ಮೂಗು ಒರೆಸಿಕೊಂಡಳು.

* * *

ಆ ದಾರಿಯ ಬಸ್ಸುಗಳೆಲ್ಲ ನಡುವಿನ ಒಂದು ಸಣ್ಣ ಊರಿನಲ್ಲಿ ಟೀಗೆ ನಿಲ್ಲುತ್ತವೆ. ಹೋಗುವವೂ ಅಲ್ಲೇ, ಬರುವವೂ ಅಲ್ಲೇ. ತಗಡಿನ ಮಾಡಿನ ನಿಲ್ದಾಣ, ಮೂಲೆಯಲ್ಲಿ ಟೀ ಅಂಗಡಿ, ಕಾಲು ಮುರಿದ ಒಂದು ಬೆಂಚು.

ಬಸ್ಸಿಳಿದು ನಲ್ಲಿಯಲ್ಲಿ ಮುಖ ತೊಳೆದುಕೊಂಡು ತಿರುಗಿದಳು. ಟೀ ಅಂಗಡಿಯ ಮುಂದೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಲೋಟ ಹಿಡಿದು ನಿಂತಿದ್ದವನು... ಅವನೇ!

ಅವನೂ ಅವಳನ್ನು ನೋಡಿದ. ಲೋಟ ವಾಲಿ ಟೀಯೆಲ್ಲ ಶರ್ಟಿನ ಮೇಲಾಯಿತು.

"ನೀವು... ಇಲ್ಲಿ?"

"ನೀವ್ಯಾಕೆ ಇಲ್ಲಿ?"

"ನಾನು... ನಿಮ್ಮೂರಿಗೆ ಬರ್ತಿದ್ದೆ."

"ಯಾಕೆ? ಅಲ್ಲಿ ಯಾವ ಚಂದ್ರ ಕೆಟ್ಟಿದೆ ಅಂತ?"

ಅವನು ನಗಲಿಲ್ಲ. ಬಾಗಿದ ತಲೆ ಎತ್ತಲಿಲ್ಲ. ಅವಳು ಅವನ ಮುಂದೆ ಹೋಗಿ ನಿಂತಳು. ಬಸ್ಸಿನಲ್ಲಿ ಹೆಣೆದುಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ!

"ಒಂದೇ ಒಂದು ಕೇಳ್ತೀನಿ. ಸೀದಾ ಉತ್ತರ ಕೊಡಿ. ನನ್ನ ಕಳ್ಸಿ ಅಂತ ಡೈರೆಕ್ಟರ್ ಹತ್ರ ಯಾಕೆ ಹಟ ಹಿಡಿದ್ರಿ?"

"ಚಿಕ್ಕಮ್ಮ ಹೇಳಿದ್ಲಾ?"

"ಯಾರು ಹೇಳಿದ್ರೇನು?"

"ನಿಮ್ಮ ಮದುವೆ ವಿಷಯಾನೂ ಅವಳೇ ಹೇಳಿದ್ದು. ಸಂಜೆ ಶೋ ಬಿಡಿಸಿದ್ದು, ಭಾನುವಾರ ಬಿಡಿಸಿದ್ದು... ಎಲ್ಲಾ. ಡೈರೆಕ್ಟರ್ ನಿಮ್ಮನ್ನ ಕಳ್ಸಲ್ಲ ಅಂದಾಗ ನನಗೆ ಸಂತೋಷ ಆಯ್ತು. ಎಷ್ಟು ಸಂತೋಷ ಅಂದ್ರೆ, ನನಗೇ ಹೆದರಿಕೆ ಆಯ್ತು. ನಾನೂ ಆ ಮನುಷ್ಯನ ಥರಾನೇ ಅಲ್ವಾ ಅನ್ನಿಸ್ತು. ಅದಕ್ಕೇ ಹೋಗಿ ಹೇಳ್ದೆ. ಆಮೇಲೆ ನಿಮ್ಮ ಜೊತೆ ಮಾತಾಡಿದ್ರೆ ಬಾಯಿ ತಪ್ಪಿ 'ಇರಿ' ಅಂದುಬಿಡ್ತೀನಿ ಅಂತ... ಮಾತೇ ಬಿಟ್ಟೆ."

ಅವಳಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಕೋಪ ಬಂತು!

"ಅಂದ್ರೆ ನೀವೇ ತೀರ್ಮಾನ ಮಾಡಿದ್ರಿ! ಅವನು ನಾನು ಇರ್ಬೇಕು ಅಂತ ತೀರ್ಮಾನ ಮಾಡ್ದ, ನೀವು ನಾನು ಹೋಗ್ಬೇಕು ಅಂತ ಮಾಡಿದ್ರಿ. ನನ್ನನ್ನ ಕೇಳಿದ್ಯಾರು? ಇಬ್ಬರಲ್ಲಿ ಯಾರು ಕೇಳಿದ್ರಿ?"

ಟೀ ಅಂಗಡಿಯವನು ಸಕ್ಕರೆ ಹಾಕುವುದನ್ನು ನಿಲ್ಲಿಸಿ ನೋಡತೊಡಗಿದ.

ಅವನು ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ತಪ್ಪಾಯ್ತು," ಎಂದ. "ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡು ತಪ್ಪು ಮಾಡ್ದೆ. ಕೇಳ್ಬೇಕಿತ್ತು."

ಅಷ್ಟೇ. ಸಬೂಬಿಲ್ಲ, 'ಆದರೆ' ಇಲ್ಲ. ಅವಳ ಕೋಪ ಅರ್ಧ ದಾರಿಯಲ್ಲೇ ಇಳಿದುಹೋಯಿತು.

"ನಂದೂ ತಪ್ಪಿದೆ," ಎಂದಳು ಮೆಲ್ಲಗೆ. "ಅದೆಲ್ಲ ನಾನೇ ನಿಮಗೆ ಹೇಳ್ಬೇಕಿತ್ತು. ಹೇಳಿದ್ರೆ ನಿಮ್ಮ ಕೈಗೆ ಸಿಕ್ಕಿಬೀಳ್ತೀನಿ ಅಂತ ಹೆದರಿದೆ. ಈಗ ಹೇಳ್ತೀನಿ, ಕೇಳಿ. ನನಗೆ ಆ ಗುಮ್ಮಟ ಬೇಕು. ಅದನ್ನ ಯಾರಿಗೋಸ್ಕರವೂ ಬಿಡಲ್ಲ. ನೀವೂ ಬೇಕು. ನಿಮ್ಮನ್ನೂ ಬಿಡಲ್ಲ. ಎರಡರಲ್ಲಿ ಒಂದು ಆರಿಸ್ಕೋ ಅಂತ ಯಾರಾದ್ರೂ ಅಂದ್ರೆ ಜಗಳ ಆಡ್ತೀನಿ, ನಿಮ್ಮ ಜೊತೆಗೂ!"

"ನಾನು ಅಲ್ಲಿ ಕೆಲಸ ಬಿಟ್ಟು ನಿಮ್ಮೂರಿಗೇ ಬಂದುಬಿಡ್ತೀನಿ. ನಾಳೇನೇ..."

"ಬೇಡ!"

ಅವನು ಕಕ್ಕಾಬಿಕ್ಕಿಯಾದ.

"ನೀವು ನನ್ನ ಸುತ್ತ ತಿರುಗೋದೂ ಬೇಡ. ಅದೇನು ಅಂತ ನನಗೆ ಗೊತ್ತು. ನಿಮಗೆ ಆ ವರ್ಕ್‌ಶಾಪ್ ಎಷ್ಟು ಇಷ್ಟ ಅಂತಾನೂ ಗೊತ್ತು."

"ಹಾಗಾದ್ರೆ ಏನ್ ಮಾಡೋದು? ನೀವೇ ಹೇಳಿ... ಅಲ್ಲ, ತಡೀರಿ. ಇಬ್ಬರೂ ಹೇಳೋಣ."

ಅವಳಿಗೆ ನಗು ಬಂತು, ಕಣ್ಣೀರಿನ ನಡುವೆಯೇ. ಬೆಂಚಿನ ಗಟ್ಟಿ ಇದ್ದ ತುದಿಯಲ್ಲಿ ಇಬ್ಬರೂ ಒತ್ತಿಕೊಂಡು ಕುಳಿತರು. ಪ್ಲೂಟೊ ಮತ್ತು ಅದರ ಚಂದ್ರನ ಕಥೆ ಹೇಳಿದಳು.

"ಹಾಗಾದ್ರೆ ಅಲ್ಲಿ ಯಾರು ಯಾರ ಸುತ್ತ ತಿರುಗೋದು?" ಎಂದ ಅವನು. ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಅವನು ಅವನಾಗಿರುತ್ತಿರಲಿಲ್ಲ.

"ಯಾರ ಸುತ್ತ ಯಾರೂ ಇಲ್ಲ. ಇಬ್ಬರ ನಡುವೆ ಒಂದು ಬಿಂದು ಇದೆ. ಇಬ್ಬರೂ ಅದರ ಸುತ್ತ ಬರ್ತಾರೆ."

"ಆ ಬಿಂದುವಲ್ಲಿ ಏನಿದೆ?"

"ಏನೂ ಇಲ್ಲ. ಖಾಲಿ ಜಾಗ."

ಅವನು ತಗಡಿನ ಮಾಡು, ಟೀ ಅಂಗಡಿ, ಕಾಲು ಮುರಿದ ಬೆಂಚು ಎಲ್ಲವನ್ನೂ ಒಮ್ಮೆ ನೋಡಿದ. "ನಮ್ಮದು ಪರವಾಗಿಲ್ಲ. ಟೀ ಆದ್ರೂ ಸಿಗುತ್ತೆ."

ಅವಳು ಜೋರಾಗಿ ನಕ್ಕಳು. ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಆ ನಗುವನ್ನು ನೋಡುತ್ತಾ ಶರ್ಟಿನ ಕಲೆ ಮರೆತ.

"ಒಂದು ಸೋಮವಾರ ನಾನು ನಿಮ್ಮೂರಿಗೆ ಬರ್ತೀನಿ, ಒಂದು ಸೋಮವಾರ ನೀವು ನಮ್ಮೂರಿಗೆ," ಎಂದಳು. "ಅವಸರ ಇದ್ರೆ ಇಲ್ಲೇ. ಮುಂದೆ ಮನೆ ಎಲ್ಲಿ ಅಂತ ಇಬ್ಬರೂ ಕೂತು ಮಾತಾಡೋಣ. ಒಬ್ಬರೇ ತೀರ್ಮಾನ ಮಾಡೋ ಹಾಗಿಲ್ಲ."

"ಮಾಡಲ್ಲ. ಆದ್ರೆ ಒಂದು ವಿಷಯ ನಾನೊಬ್ಬನೇ ತೀರ್ಮಾನ ಮಾಡಿಬಿಟ್ಟಿದ್ದೀನಿ. ಅದಕ್ಕೆ ಮಾತ್ರ ಬೈಯಬಾರದು."

"ಏನು?"

"ನಿಮ್ಮನ್ನ ಪ್ರೀತಿಸೋದು."

ಅವಳು ಗ್ರೀಸಿನ ಕಲೆ ಹೋಗದ ಅವನ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಆ ಕಡೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು. ಅದರ ಬೆನ್ನಿಗೇ ಈ ಕಡೆ ಬರುವ ಬಸ್ಸೂ ಹೊಡೆಯಿತು. ಕಂಡಕ್ಟರುಗಳಿಬ್ಬರೂ ಬಾಗಿಲಲ್ಲಿ ನೇತಾಡುತ್ತಾ ಇವರನ್ನೇ ನೋಡಿ ಕೂಗಿದರು.

"ಹತ್ತೀರೋ ಇಲ್ವೋ?"

"ಇಲ್ಲ!" ಎಂದರು ಇಬ್ಬರೂ ಒಟ್ಟಿಗೇ.

ಬಸ್ಸುಗಳು ಧೂಳೆಬ್ಬಿಸಿ ಒಂದೊಂದು ದಿಕ್ಕಿಗೆ ಹೊರಟುಹೋದವು. ನಿಲ್ದಾಣ ಸದ್ದಿಲ್ಲದಂತಾಯಿತು.

"ಮುಂದಿನ ಸೋಮವಾರ ಯಾರ ಸರದಿ?" ಎಂದ ಅವನು.

"ಮುಂದಿನದು ಆಮೇಲೆ ನೋಡೋಣ," ಎಂದಳು ಅವಳು, ಅವನ ಭುಜಕ್ಕೆ ತಲೆಯಿಟ್ಟು. "ಈ ಸೋಮವಾರ ಇನ್ನೂ ಪೂರ್ತಿ ಉಳಿದಿದೆ."